ಮುದ್ದೆ ನುಂಗುವ ಊರಲ್ಲಿ ಅಗಿದು ತಿನ್ನುವವರು

ರಾಗಿ ಮುದ್ದೆಯನ್ನು ಅಗಿಯಬಾರದು. ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡುವ ಊಟದ ಪಾಠವೇ ಇದು: ಮುರಿ, ಸಾರಿನಲ್ಲಿ ಹೊರಳಿಸು, ನುಂಗು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಪಕ್ಕದಲ್ಲಿ ಕೂತವರು ನಗುತ್ತಾರೆ. ಬೆಂಗಳೂರಿನಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಈ ಊರುಗಳಿಗೆ ಮರಳುವವರಿಗೆ ಆಸ್ಪತ್ರೆಯವರು ಹೇಳಿ ಕಳಿಸುವುದು ಇದಕ್ಕೆ ಪೂರ್ತಿ ಉಲ್ಟಾ. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು. ಊಟದ ನಡುವೆ ನೀರಾಗಲಿ ಮಜ್ಜಿಗೆಯಾಗಲಿ ಕುಡಿಯಬಾರದು. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು. ಸ್ಲೀವ್ ಎನ್ನುವ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿ ಆಕಾರದ ಕೊಳವೆ ಮಾಡಿರುತ್ತಾರೆ. ಅದರಲ್ಲಿ ಹಿಡಿಸುವುದು ಒಂದು ಸಣ್ಣ ಲೋಟದಷ್ಟು. ಅಭ್ಯಾಸಬಲದಿಂದ ಒಂದು ದೊಡ್ಡ ತುತ್ತು ಮುದ್ದೆ ನುಂಗಿದರೆ ಅದು ಎದೆಯ ಹತ್ತಿರ ನಿಂತುಬಿಡುತ್ತದೆ. ಬಾಯಲ್ಲಿ ನೊರೆ ನೊರೆ ಎಂಜಲು, ಕಣ್ಣಲ್ಲಿ ನೀರು, ಆಮೇಲೆ ವಾಂತಿ.

ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆಯೂ ಆರನೇ ತಿಂಗಳಿಗೋ ಎಂಟನೇ ತಿಂಗಳಿಗೋ ತೂಕ ಒಂದು ಕಡೆ ನಿಲ್ಲುತ್ತದೆ. ಆಗ ಶುರುವಾಗುತ್ತದೆ ಊರಿನ ವಿಚಾರಣೆ. ‘ಅಷ್ಟೊಂದು ದುಡ್ಡು ಸುರಿದ್ರಲ್ಲ, ಎಲ್ಲಿ ಇಳೀತು?’ ಅದೇ ಮಂದಿ ಕಲ್ಯಾಣ ಮಂಟಪದ ಪಂಕ್ತಿಯಲ್ಲಿ ಎಲೆ ಖಾಲಿ ಕಂಡರೆ ಬಿಡುವುದಿಲ್ಲ: ‘ಯಾಕಮ್ಮ ಹಿಂಗೆ ಕೋಳಿ ಕೆದಕಿದಂಗೆ ತಿಂತೀಯ, ಇನ್ನೊಂದು ಹೋಳಿಗೆ ಇಕ್ಕಿಸ್ಕೋ!’ ಲಕ್ಷಾಂತರ ಮಂದಿಗೆ ದಾಸೋಹ ನಡೆಸಿ, 111 ವರ್ಷ ಬದುಕಿ, 2019ರ ಜನವರಿಯಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಮಿತಾಹಾರಿಗಳಾಗಿದ್ದರು ಎಂದು ಹೆಮ್ಮೆಯಿಂದ ಹೇಳುವ ಜಿಲ್ಲೆ ಇದು. ಪಕ್ಕದ ಎಲೆಯವರು ಮಿತವಾಗಿ ಉಂಡರೆ ಮಾತ್ರ ಬಡಿಸುವವರಿಗೆ ಅವಮಾನ.

ತೂಕ ಇಳಿಯುವುದು ನಿಧಾನ ಎನ್ನುವುದು ಯಾವುದಕ್ಕೆ ಹೋಲಿಸಿ? ಲೆಕ್ಕಕ್ಕೆಂದು ಐದು ಅಡಿ ಮೂರು ಅಂಗುಲ ಎತ್ತರದ, 120 ಕಿಲೋ ತೂಕದ ಒಬ್ಬ ಮಹಿಳೆಯನ್ನು ಇಟ್ಟುಕೊಳ್ಳಬಹುದು. ಸ್ಲೀವ್ ಮಾಡಿಸಿಕೊಂಡವರು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಒಟ್ಟು ತೂಕದ ಶೇ 25ರಿಂದ 30ರಷ್ಟನ್ನು ಕಳೆದುಕೊಳ್ಳುತ್ತಾರೆ. ಅಂದರೆ ಈಕೆ ಇಳಿಯುವುದು 84ರಿಂದ 90 ಕಿಲೋಗೆ. ವೈದ್ಯರ ಪ್ರಕಾರ ಆಪರೇಷನ್ ಯಶಸ್ವಿ. ಎತ್ತರಕ್ಕೆ ಹೋಲಿಸಿದ ತೂಕದ ಅಳತೆ ಬಿಎಂಐ 47ರಿಂದ 33-35ಕ್ಕೆ ಬಂದಿದೆ, ಮೂವತ್ತು ಕಿಲೋ ಭಾರ ಮಂಡಿಯ ಮೇಲಿಂದ ಇಳಿದಿದೆ. ಬೀದಿಯ ಕಣ್ಣಿಗೆ ಮಾತ್ರ ಆಕೆ ಇನ್ನೂ ದಪ್ಪವೇ. ಜಾಹೀರಾತಿನ ‘ಮೊದಲು–ನಂತರ’ ಫೋಟೊಗಳು ತೋರಿಸುವುದು ಅತಿ ಚೆನ್ನಾಗಿ ಇಳಿದ ಒಬ್ಬರನ್ನೋ ಇಬ್ಬರನ್ನೋ. ಉಳಿದವರೆಲ್ಲ ತಮ್ಮನ್ನು ಆ ಫೋಟೊದ ಪಕ್ಕ ನಿಲ್ಲಿಸಿಕೊಂಡು ಸೋತೆವೆಂದು ಕೊರಗುತ್ತಾರೆ. ತಪ್ಪು ಅವರ ಹೊಟ್ಟೆಯದ್ದಲ್ಲ, ಅಳತೆಗೋಲಿನದು.

ತೂಕ ಇಳಿಯುವ ದಾರಿ ನೆಟ್ಟಗಿರುವುದೂ ಇಲ್ಲ. ಮೊದಲ ಎರಡು ವಾರ ಗಂಜಿ, ಬೇಳೆಕಟ್ಟು, ಮಜ್ಜಿಗೆಯ ಕಾಲ. ತೂಕ ಭರಭರನೆ ಇಳಿಯುತ್ತದೆ. ಹೋಗುವುದರಲ್ಲಿ ದೊಡ್ಡ ಪಾಲು ನೀರು. ದೇಹ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಕರಗಿದಾಗ ನೀರೂ ಹೋಗುತ್ತದೆ. ಮೂರನೇ ವಾರದ ಸುಮಾರಿಗೆ ದೇಹ ಮತ್ತೆ ನೀರು ಹಿಡಿಯತೊಡಗಿದರೆ ತೂಕ ನಿಂತಂತೆ ಕಾಣುತ್ತದೆ, ಒಳಗೆ ಕೊಬ್ಬು ಕರಗುತ್ತಲೇ ಇದ್ದರೂ. ತಿಂಗಳು ತುಂಬುವ ಮೊದಲೇ ‘ಆಪರೇಷನ್ ಫೇಲಾಯ್ತು’ ಎಂದು ಮನೆಯವರು ತಲೆ ಮೇಲೆ ಕೈ ಹೊತ್ತು ಕೂರುವುದು ಈ ಹಂತದಲ್ಲೇ.

ಆಮೇಲಿನ ನಿಲುಗಡೆಯ ಕಾರಣ ಬೇರೆ. ಚಿಕ್ಕದಾದ ದೇಹಕ್ಕೆ ಕಡಿಮೆ ಇಂಧನ ಸಾಕು. ಸಾಲದ್ದಕ್ಕೆ, ಬರಗಾಲ ಬಂತೆಂದು ತಿಳಿದ ದೇಹ ಖರ್ಚನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಅಮೆರಿಕದ ‘ದಿ ಬಿಗೆಸ್ಟ್ ಲೂಸರ್’ ಎಂಬ ಟಿ.ವಿ. ಸ್ಪರ್ಧೆಯಲ್ಲಿ ಆಪರೇಷನ್ ಇಲ್ಲದೆ, ವ್ಯಾಯಾಮ ಮತ್ತು ಪಥ್ಯದಿಂದಲೇ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷದ ಬಳಿಕ ಪರೀಕ್ಷಿಸಿದ ಸಂಶೋಧಕ ಕೆವಿನ್ ಹಾಲ್ ತಂಡ 2016ರಲ್ಲಿ ಪ್ರಕಟಿಸಿದ ವರದಿ ಹೆಸರಾದದ್ದು. ಅವರ ಗಾತ್ರಕ್ಕೆ ಎಷ್ಟು ಬೇಕಿತ್ತೋ ಅದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯನ್ನೇ ಅವರ ದೇಹ ಖರ್ಚು ಮಾಡುತ್ತಿತ್ತು. ಕಳೆದುಕೊಂಡ ತೂಕದ ಬಹುಪಾಲು ಮರಳಿತ್ತು. ಸ್ಲೀವ್‌ನಲ್ಲಿ ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಭಾಗವನ್ನೇ ತೆಗೆಯುವುದರಿಂದ ದೇಹದ ಈ ಹಟ ಸ್ವಲ್ಪ ಸಡಿಲುತ್ತದೆ. ಪೂರ್ತಿ ಹೋಗುವುದಿಲ್ಲ.

ದೀರ್ಘಕಾಲದ ಲೆಕ್ಕ ಬೇಕೆಂದರೆ ಸ್ವೀಡನ್ನಿನ ಅಧ್ಯಯನ ನೋಡಬೇಕು. 1987ರಲ್ಲಿ ಶುರುವಾದ ಅದು ಆಪರೇಷನ್ ಆದ 2,010 ಮಂದಿಯನ್ನೂ, ಆಗದ 2,037 ಮಂದಿಯನ್ನೂ ವರ್ಷಗಟ್ಟಲೆ ಹಿಂಬಾಲಿಸಿತು. ಜಠರದ ಸಣ್ಣ ಚೀಲವನ್ನು ನೇರವಾಗಿ ಕರುಳಿಗೆ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆದವರು ಒಂದೆರಡು ವರ್ಷದಲ್ಲಿ ಸರಾಸರಿ ಶೇ 32ರಷ್ಟು ಇಳಿದಿದ್ದರು. ಹತ್ತನೇ ವರ್ಷಕ್ಕೆ ಅದು ಶೇ 25ಕ್ಕೆ ಬಂದು ನಿಂತಿತ್ತು. ಅಂದರೆ ಸ್ವಲ್ಪ ತೂಕ ಮರಳುವುದು ಲೆಕ್ಕದ ಒಳಗೇ ಇದೆ. ಹಾಗಿದ್ದೂ ಆಪರೇಷನ್ ಆದವರಲ್ಲಿ ಸಾವಿನ ಪ್ರಮಾಣ ಆಗದವರಿಗಿಂತ ಕಡಿಮೆ ಇತ್ತೆಂದು 2007ರಲ್ಲಿ ಅಧ್ಯಯನ ನಡೆಸಿದ ಲಾರ್ಸ್ ಷೋಸ್ಟ್ರೋಮ್ ತಂಡ ತೋರಿಸಿತು. ತೂಕದ ಯಂತ್ರದ ಮೇಲೆ ಇದು ಕಾಣುವುದಿಲ್ಲ.

ಅರುಣ್ ಜೇಟ್ಲಿ 2014ರಲ್ಲಿ ಹಣಕಾಸು ಸಚಿವರಾಗಿದ್ದಾಗಲೇ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡದ್ದು ಹಳೆಯ ಸಕ್ಕರೆ ಕಾಯಿಲೆಯ ದೆಸೆಯಿಂದ. ಅದಕ್ಕೂ ಮೊದಲು, 2011ರಲ್ಲಿ ನಿತಿನ್ ಗಡ್ಕರಿ ಮಾಡಿಸಿಕೊಂಡಿದ್ದರು. ತುಮಕೂರಿನಂಥ ಊರುಗಳಿಗೆ ಬೇರಿಯಾಟ್ರಿಕ್ ಎಂಬ ಪದ ಬಂದದ್ದು ಇಂಥ ಸುದ್ದಿಗಳಿಂದ. ಸಕ್ಕರೆ ಕಾಯಿಲೆಗೆ ಇದರಿಂದ ಎಷ್ಟು ಪ್ರಯೋಜನ ಎಂದು ಕ್ಲೀವ್‌ಲ್ಯಾಂಡ್ ಕ್ಲಿನಿಕ್ 150 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಐದು ವರ್ಷದ ಫಲಿತಾಂಶ 2017ರಲ್ಲಿ ಬಂತು. ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) ಶೇ 6ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದವರು ಬೈಪಾಸ್‌ನಲ್ಲಿ ಶೇ 29, ಸ್ಲೀವ್‌ನಲ್ಲಿ ಶೇ 23. ಬರೀ ಔಷಧಿ ತೆಗೆದುಕೊಂಡವರಲ್ಲಿ ಶೇ 5. ಪವಾಡವಲ್ಲ, ಆದರೆ ಸಣ್ಣ ವ್ಯತ್ಯಾಸವೂ ಅಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವುದು ನಿಂತಿತೇ, ಬಿಪಿ ಮಾತ್ರೆ ಎರಡರಿಂದ ಒಂದಾಯಿತೇ, ರಾತ್ರಿ ಗೊರಕೆಯ ನಡುವೆ ಉಸಿರುಗಟ್ಟುವುದು ತಪ್ಪಿತೇ, ತುಮಕೂರಿನ ಅಮಾನಿಕೆರೆಯ ಸುತ್ತ ಕೂರದೆ ನಡೆಯಲು ಆಗುತ್ತಿದೆಯೇ? ಯೋಗಕ್ಷೇಮ ಕೇಳುವವರು ಕೇಳಬೇಕಾದ ಪ್ರಶ್ನೆಗಳು ಇವು.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಯ ನಂತರ ತೀರಿಕೊಂಡಾಗ ಆಕೆಗೆ 21 ವರ್ಷ. ಆ ಸುದ್ದಿ ಕನ್ನಡದ ಮನೆಮನೆಯನ್ನೂ ಮುಟ್ಟಿತು, ‘ದಪ್ಪ ಇಳಿಸೋ ಆಪರೇಷನ್’ ಎಂಬ ಒಂದೇ ಹೆಸರಿನಡಿ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವುದು ರೂಪಕ್ಕೆ ಸಂಬಂಧಿಸಿದ್ದು. ಜಠರವನ್ನು ಕಿರಿದು ಮಾಡುವುದು ಕಾಯಿಲೆಯ ಚಿಕಿತ್ಸೆ. ಎರಡನ್ನೂ ಒಂದೇ ಎಂದುಕೊಂಡವರು ಒಂದೋ ಹೆದರಿ ದೂರ ಉಳಿಯುತ್ತಾರೆ, ಇಲ್ಲವೇ ಕೊಬ್ಬು ಹೀರಿಸಿಕೊಂಡವರಂತೆ ಮರುದಿನವೇ ತೆಳ್ಳಗಾಗಬೇಕೆಂದು ಬಯಸುತ್ತಾರೆ.

ನಿಧಾನವಾಗುವುದೆಲ್ಲ ಸಹಜ ಎಂದು ಸಮಾಧಾನ ಹೇಳಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಥೈರಾಯ್ಡ್ ಕಡಿಮೆ ಇರಬಹುದು. ಇನ್ಸುಲಿನ್, ಸ್ಟೀರಾಯ್ಡ್, ಕೆಲವು ಮಾನಸಿಕ ಕಾಯಿಲೆಗಳ ಔಷಧಿಗಳು ತೂಕವನ್ನು ಹಿಡಿದಿಡುತ್ತವೆ. ತೆಂಗಿನ ಸೀಮೆಗೆ ತನ್ನದೇ ಆದ ಬಲೆಗಳೂ ಇವೆ. ಕೊಬ್ಬರಿಯಲ್ಲಿ ಶೇ 60ಕ್ಕೂ ಹೆಚ್ಚು ಕೊಬ್ಬು. ನೂರು ಗ್ರಾಂಗೆ 600ಕ್ಕೂ ಮೇಲ್ಪಟ್ಟು ಕ್ಯಾಲೊರಿ. ಮುದ್ದೆ ಇಳಿಯದ ಹೊಟ್ಟೆಗೆ ಕೊಬ್ಬರಿ-ಬೆಲ್ಲದ ಚೂರು ಸಲೀಸಾಗಿ ಇಳಿಯುತ್ತದೆ. ಸಕ್ಕರೆ ಹಾಕಿದ ಕಾಫಿ, ಜ್ಯೂಸ್, ಸಂಜೆಯ ಮಿಕ್ಸ್ಚರ್ ಕೂಡ ಹಾಗೆಯೇ. ತಟ್ಟೆ ಇಡ್ಲಿಯ ಕಾಲುಭಾಗಕ್ಕೇ ಸಾಕೆನ್ನುವ ಹೊಟ್ಟೆ, ದಿನವಿಡೀ ಕುರುಕಿದರೆ ತಕರಾರು ಮಾಡುವುದಿಲ್ಲ. ‘ಊಟನೇ ಮಾಡ್ತಿಲ್ಲ, ಆದ್ರೂ ಇಳೀತಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರು ಊಟವನ್ನು ಮಾತ್ರ ಲೆಕ್ಕ ಹಾಕಿರುತ್ತಾರೆ.

ಪ್ರೊಟೀನಿನ ಲೆಕ್ಕ ಇನ್ನೂ ಕಷ್ಟದ್ದು. ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಮೂರನೇ ತಿಂಗಳಿಂದ ಉದುರತೊಡಗುವ ಕೂದಲು ಇನ್ನಷ್ಟು ಉದುರುತ್ತದೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಕ್ಯಾಲ್ಸಿಯಂ 300 ಮಿಲಿಗ್ರಾಂಗಿಂತ ಹೆಚ್ಚಿದ್ದರೂ ಪ್ರೊಟೀನ್ ಏಳು ಗ್ರಾಂ ಮಾತ್ರ. ಅದೇ ಮನೆಯ ಹುರುಳಿಕಾಳಿನಲ್ಲಿ ಅದರ ಮೂರರಷ್ಟು. ಆದ್ದರಿಂದ ತಟ್ಟೆಯ ಕ್ರಮವೇ ತಿರುಗಬೇಕು: ಮೊದಲು ಕಾಳು, ಮೊಟ್ಟೆ ಅಥವಾ ಮೀನು; ಆಮೇಲೆ ಪಲ್ಯ; ಜಾಗ ಉಳಿದರೆ ನಿಂಬೆಹಣ್ಣಿನಷ್ಟು ಮುದ್ದೆ. ಮುದ್ದೆಯೇ ಊಟ, ಮಿಕ್ಕಿದ್ದು ನೆಂಚಿಕೆ ಎಂದು ಬೆಳೆದವರಿಗೆ ಇದು ಸುಲಭವಲ್ಲ. ಇಂಗ್ಲಿಷಿನಲ್ಲಿ ಅಚ್ಚಾದ, ಓಟ್ಸ್ ಮತ್ತು ಪನೀರಿನ ಹೆಸರು ತುಂಬಿದ ಆಹಾರ ಪಟ್ಟಿ ಗುಬ್ಬಿಯ ಅಡುಗೆಮನೆಯಲ್ಲಿ ಫ್ರಿಜ್‌ಗೆ ಅಂಟಿಕೊಂಡೇ ಉಳಿಯುತ್ತದೆ.

ಇಂಥ ಆಪರೇಷನ್‌ಗಳು ಹೆಚ್ಚಾಗಿ ನಡೆಯುವುದು ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ. ಅಲ್ಲಿಂದ ತುಮಕೂರು ಸುಮಾರು 70 ಕಿಲೋಮೀಟರ್, ಗುಬ್ಬಿ ಇನ್ನೂ 20 ಆಚೆ. ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ, ಆಮೇಲೆ ವರ್ಷ ವರ್ಷ ತಪಾಸಣೆಗೆ ಹೋಗಬೇಕು. ಒಂದು ದಿನದ ದುಡಿಮೆ, ಬಸ್ ಚಾರ್ಜು, ಜೊತೆಗೊಬ್ಬರು, ರಕ್ತಪರೀಕ್ಷೆಯ ಬಿಲ್ಲು. ತೂಕ ನಿಂತವರು ಬೈಸಿಕೊಳ್ಳಬೇಕಾಗುತ್ತದೆಂದು ನಾಚಿಕೆಯಿಂದಲೂ ಹೋಗುವುದು ಬಿಡುತ್ತಾರೆ. ತಪಾಸಣೆ ಹೆಚ್ಚು ಬೇಕಾದವರೇ ಹೀಗೆ ಮೊದಲು ಕಳಚಿಕೊಳ್ಳುತ್ತಾರೆ. ವಿಮೆಯೂ ಇಲ್ಲಿ ಅರ್ಧ ದಾರಿಗೇ ಕೈಬಿಡುತ್ತದೆ. ವಿಮಾ ಪ್ರಾಧಿಕಾರದ 2019ರ ಮಾರ್ಗಸೂಚಿಯಂತೆ ಬಿಎಂಐ 40 ಇದ್ದರೆ, ಅಥವಾ ತೀವ್ರ ಕಾಯಿಲೆಯ ಜೊತೆ 35 ಇದ್ದರೆ ಆಪರೇಷನ್‌ಗೆ ಹಣ ಸಿಗುವ ದಾರಿ ತೆರೆದಿದೆ. ಜೀವನಪೂರ್ತಿ ನುಂಗಬೇಕಾದ ಕಬ್ಬಿಣ, ಕ್ಯಾಲ್ಸಿಯಂ, ಬಿ12 ಮಾತ್ರೆಗಳ ಖರ್ಚು ಮನೆಯವರದೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 30.1ರಷ್ಟು ಮಂದಿ ಅಧಿಕ ತೂಕದವರು, ಶೇ 47.8ರಷ್ಟು ಮಂದಿ ರಕ್ತಹೀನರು. ದಪ್ಪಗಿದ್ದವರಿಗೆ ರಕ್ತ ಚೆನ್ನಾಗಿರುತ್ತದೆಂದು ನಂಬಿ ಕೂರುವಂತಿಲ್ಲ. ಕಬ್ಬಿಣದ ಕೊರತೆಯಿದ್ದವರು ಆಪರೇಷನ್ ಆದ ಮೇಲೆ ಮಾತ್ರೆ ಬಿಟ್ಟರೆ ಏದುಸಿರು ಬಂದು ನಡೆಯಲಾರರು; ನಡೆಯದಿದ್ದರೆ ತೂಕವೂ ನಿಲ್ಲುತ್ತದೆ.

2025ರಲ್ಲಿ ತೂಕ ಇಳಿಸುವ ಮೌಂಜಾರೊ, ವೆಗೋವಿ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ಕತ್ತರಿ ಇಲ್ಲದ ದಾರಿ ಸಿಕ್ಕಿತೆಂದು ಹಲವರಿಗೆ ನಿರಾಳ. ಆದರೆ ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರನೇ ಎರಡು ಭಾಗ ಮರಳಿತೆಂದು 2022ರ ಅಧ್ಯಯನ ಹೇಳಿದೆ. ಚುಚ್ಚಿದರೂ ಕತ್ತರಿಸಿದರೂ ವರ್ಷಗಟ್ಟಲೆ ನೋಡಿಕೊಳ್ಳುವವರು ಹತ್ತಿರದಲ್ಲಿ ಬೇಕು.

ಅದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ನೋಡುವ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ಗಳಿವೆ. ಆಪರೇಷನ್ ಆದವರ ತೂಕ, ಸೊಂಟದ ಸುತ್ತಳತೆ, ಹಿಮೊಗ್ಲೋಬಿನ್ ಅಲ್ಲೇ ನೋಡಿ ಬರೆದಿಡಬಹುದು. ಗರ್ಭಿಣಿಯರಿಗೆ ತಾಯಿ ಕಾರ್ಡ್ ಕೊಟ್ಟು ಅಭ್ಯಾಸವಿರುವ ಇಲಾಖೆಗೆ ಇವರಿಗೊಂದು ಕಾರ್ಡ್ ಅಚ್ಚು ಹಾಕಿಸುವುದು ದೊಡ್ಡ ಮಾತಲ್ಲ. ಅದರಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಸಾಕು. ಯಾವ ಆಪರೇಷನ್, ಯಾವ ದಿನ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಸಿಕ್ಕ ನೋವಿನ ಮಾತ್ರೆ ನುಂಗಬಾರದು; ಬೈಪಾಸ್ ಆದವರಿಗೆ ಹೊಲಿಗೆಯ ಜಾಗದಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಶುಗರ್ ಮಾತ್ರೆಯ ಪ್ರಮಾಣವನ್ನು ಆಗಾಗ ವೈದ್ಯರಲ್ಲಿ ಪರಿಷ್ಕರಿಸಿಕೊಳ್ಳಬೇಕು. ನಾಲ್ಕನೆಯದು ಡ್ಯೂಟಿ ಡಾಕ್ಟರಿಗೆ: ದಿನಗಟ್ಟಲೆ ವಾಂತಿಯಾಗಿ ಸುಸ್ತಾದವರನ್ನು ಕುಣಿಗಲ್ ಆಸ್ಪತ್ರೆಗೆ ರಾತ್ರಿ ಕರೆತಂದರೆ, ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಬಿ1 ಚುಚ್ಚುಮದ್ದು ಕೊಡಿ. ಅದಿಲ್ಲದೆ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿಗೆ ಪೆಟ್ಟು ಬೀಳುವ ಅಪಾಯವಿದೆ.