ಕೊನೆಯ ಪಂಕ್ತಿ ಸಾಕು, ಮೊದಲು ಕೂತು ಉಣ್ಣಿ



ಹಾಸನ ಜಿಲ್ಲೆಯ ಒಂದು ಊರಿನಿಂದ ಬಂದ ಕಾಗದ ನನ್ನನ್ನು ಎರಡು ದಿನ ಬಿಡದೆ ಕಾಡಿತು. ಬರೆದವರು 42 ವರ್ಷದ ಗೃಹಿಣಿ. ಹೆಸರು ಬೇಡ ಎಂದಿದ್ದಾರೆ. ಹದಿನಾಲ್ಕು ತಿಂಗಳ ಹಿಂದೆ ಬೆಂಗಳೂರಿಗೆ ಹೋಗಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡರಂತೆ. 108 ಕಿಲೋ ಇದ್ದವರು 76ಕ್ಕೆ ಇಳಿದರು. ಮಂಡಿನೋವು ಕಡಿಮೆಯಾಯ್ತು, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಡಾಕ್ಟರೇ ಇಳಿಸಿದರು. ಆದರೆ ಈಚೆಗೆ ತೂಕದ ಮುಳ್ಳು ಮತ್ತೆ ಮೇಲೇರುತ್ತಿದೆ.

"ನಾಲ್ಕು ಕಿಲೋ ವಾಪಸ್ ಬಂದಿದೆ ಅಕ್ಕಾ. ನಮ್ಮ ಮನೆಯವರು ಒಡವೆ ಅಡ ಇಟ್ಟು ಮಾಡಿಸಿದ ಆಪರೇಷನ್. ನಾನು ಉಣ್ಣೋದೇ ನಾಲ್ಕು ತುತ್ತು, ಆದರೂ ಯಾಕೆ ಹೀಗೆ? ತೂಕದ ಯಂತ್ರ ಮಂಚದ ಕೆಳಗೆ ತಳ್ಳಿಬಿಟ್ಟಿದ್ದೀನಿ. ಯಾರಿಗೂ ಹೇಳಿಲ್ಲ."

ತಂಗೀ, ಮೊದಲು ಆ ಯಂತ್ರವನ್ನು ಹೊರಗೆ ತೆಗೆಯಿರಿ. ನೀವು ತಪ್ಪು ಮಾಡಿದ್ದೀರಿ ಅಂತಲ್ಲ. ತೂಕ ತೀರಾ ಕೆಳಕ್ಕೆ ಇಳಿದ ಮೇಲೆ ಸ್ವಲ್ಪ ಏರುವುದು ಬಹಳ ಜನರಲ್ಲಿ ಉಂಟು. ನಿಮಗೆ ಮಾಡಿರುವುದು 'ಸ್ಲೀವ್' ಎಂಬ ಆಪರೇಷನ್. ಅದರಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಕತ್ತರಿಸಿ ತೆಗೆದು, ಬಾಳೆಹಣ್ಣಿನಂಥ ಒಂದು ಕೊಳವೆ ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ರಸ ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ. ಹಾಗಾಗಿ ಮೊದಮೊದಲು ಹಸಿವೇ ಗೊತ್ತಾಗುವುದಿಲ್ಲ. ಒಂದೆರಡು ವರ್ಷಗಳಲ್ಲಿ ಹಸಿವು ಸ್ವಲ್ಪ ಸ್ವಲ್ಪವಾಗಿ ಹಿಂದಿರುಗುತ್ತದೆ. ಆಪರೇಷನ್ ಹೊಟ್ಟೆಯನ್ನು ಚಿಕ್ಕದು ಮಾಡೀತೇ ಹೊರತು ನಮ್ಮ ಅಡುಗೆಮನೆಯ ಅಭ್ಯಾಸ ಬದಲಿಸುವುದಿಲ್ಲ. ಅದು ನಮ್ಮ ಕೆಲಸವೇ.

ಇವರು ತಮ್ಮ ದಿನಚರಿಯನ್ನೂ ಬರೆದಿದ್ದಾರೆ. ಬೆಳಗ್ಗೆ ಕಾಫಿಯಲ್ಲಿ ಅದ್ದಿದ ಎರಡು ರಸ್ಕು. ಎಲ್ಲರಿಗೂ ತಿಂಡಿ ಬಡಿಸಿ, ಡಬ್ಬಿ ಕಟ್ಟಿ, ಮಗ ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ. ಮೂರು ಗಂಟೆಗೆ, ಅತ್ತೆ ಮಾವನವರ ಊಟ ಮುಗಿದ ಮೇಲೆ, ಒಲೆಯ ಪಕ್ಕ ನಿಂತುಕೊಂಡೇ ಮುದ್ದೆ ಸಾರು. ಎರಡು ತುತ್ತಿಗೇ ಎದೆಯಲ್ಲಿ ಸಿಕ್ಕಿಕೊಂಡು ನೋವು, ಕೆಲವು ದಿನ ವಾಂತಿ. ಸಂಜೆ ಕಾಫಿ, ಬಿಸ್ಕತ್ತು. ಟಿ.ವಿ. ಮುಂದೆ ಒಂದು ಹಿಡಿ ಖಾರಾಬೂಂದಿ, "ಇದು ಮಾತ್ರ ಸಿಕ್ಕಿಕೊಳ್ಳಲ್ಲ ಅಕ್ಕಾ!"

ಗಂಟು ಇರುವುದೇ ಇಲ್ಲಿ ನೋಡಿ. ಸಿಕ್ಕಿಕೊಳ್ಳದೆ ಜಾರುವ ಪದಾರ್ಥಗಳು, ಅಂದರೆ ಅದ್ದಿದ ರಸ್ಕು, ಬಿಸ್ಕತ್ತು, ಬೂಂದಿ, ಐಸ್‌ಕ್ರೀಂ, ಆ ಚಿಕ್ಕ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಹೊಟ್ಟೆ ತುಂಬಿತು ಅನ್ನಿಸುವುದಿಲ್ಲ, ಆದರೆ ಎಣ್ಣೆ, ಸಕ್ಕರೆ, ಮೈದಾ ಮಾತ್ರ ಲೆಕ್ಕಕ್ಕೆ ಸೇರುತ್ತವೆ. ಹೊಟ್ಟೆ ತುಂಬಿಸುವ ಗಟ್ಟಿ ಊಟವನ್ನೋ ನೀವು ಅವಸರದಲ್ಲಿ ನುಂಗುತ್ತೀರಿ. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವುದೇ ನಮ್ಮ ಪದ್ಧತಿ. ಈ ಹೊಟ್ಟೆಗೆ ಅದು ಒಗ್ಗುವುದಿಲ್ಲ. ರಾಗಿ ಬಿಡಬೇಡಿ, ತೆಳ್ಳಗೆ ರೊಟ್ಟಿ ತಟ್ಟಿ, ಚೂರು ಚೂರಾಗಿ ಅಗಿದು ತಿನ್ನಿ.

ಇನ್ನು ಮಾಡಬೇಕಾದ್ದು:

ಬೇರೆ ಅಡುಗೆ ಬೇಡ. ಆರು ಜನಕ್ಕೆ ಬೇಯಿಸುವವಳು ತನಗೆಂದು ಇನ್ನೊಂದು ಪಾತ್ರೆ ಇಟ್ಟರೆ ಹತ್ತು ದಿನ ನಡೆದೀತು, ಹನ್ನೊಂದನೆಯ ದಿನ ನಿಂತುಹೋಗುತ್ತೆ. ಅದೇ ಸಾರಿನ ತಳದ ಗಟ್ಟಿ ಬೇಳೆ, ಅದೇ ಹುಳಿಯ ಕಾಳು, ಅದೇ ಪಲ್ಯ ಮೊದಲು ನಿಮ್ಮ ಚಿಕ್ಕ ಬಟ್ಟಲಿಗೆ ಬರಲಿ. ಬೇಳೆ ಕಾಳು ಮೊದಲು, ತರಕಾರಿ ಆಮೇಲೆ, ಜಾಗ ಉಳಿದರೆ ಅನ್ನ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕು. ಒಂದು ಲೋಟ ಹಾಲಿನಲ್ಲಿ 6 ಗ್ರಾಂ, ಒಂದು ಮೊಟ್ಟೆಯಲ್ಲಿ 6, ಒಂದು ಬಟ್ಟಲು ಬೆಂದ ಗಟ್ಟಿ ಬೇಳೆಯಲ್ಲಿ ಸುಮಾರು 7, 50 ಗ್ರಾಂ ಪನೀರಿನಲ್ಲಿ ಸುಮಾರು 9. ಒಮ್ಮೆಗೇ ಆಗುವುದಿಲ್ಲ, ನಾಲ್ಕೈದು ಹೊತ್ತಿಗೆ ಹಂಚಿಕೊಳ್ಳಿ. ಆ ಹೊತ್ತುಗಳ ನಡುವೆ ಬಾಯಾಡಿಸಬೇಡಿ.

ಊಟದ ಜೊತೆ ನೀರು, ಮಜ್ಜಿಗೆ ಕುಡಿಯಬೇಡಿ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ.

ಡಾಕ್ಟರು ಕೊಟ್ಟ ಬಿ-12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ನು ಜೀವನಪರ್ಯಂತ ಬೇಕಾದವು. "ಈಗ ಚೆನ್ನಾಗಿದ್ದೀನಲ್ಲ" ಅಂತ ನಿಲ್ಲಿಸಬೇಡಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಇರಲಿ, ಕಾಫಿಯ ಜೊತೆಗಂತೂ ಕಬ್ಬಿಣ ನುಂಗಬೇಡಿ. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸಿ. ನಿಧಾನವಾಗಿ ಅಗಿದು ತಿಂದರೂ ವಾಂತಿ ನಿಲ್ಲದಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ, ಆಪರೇಷನ್ ಮಾಡಿದ ಡಾಕ್ಟರನ್ನೇ ಕಾಣಿ. ಬಿಡದ ವಾಂತಿಯಿಂದ ಬಿ-1 ವಿಟಮಿನ್ ಕಡಿಮೆಯಾಗಿ ನರಗಳಿಗೇ ಪೆಟ್ಟು ಬೀಳುವುದುಂಟು.

ಮದುವೆಮನೆಯಲ್ಲಿ "ಏನೂ ತಿನ್ನಲ್ಲ, ನಮ್ಮ ಊಟ ಸೇರಲಿಲ್ಲವೋ ಏನೋ" ಅನ್ನುತ್ತಾರೆಂದು ನೊಂದುಕೊಂಡಿದ್ದೀರಿ. ಪಂಕ್ತಿಯಲ್ಲಿ ಕೂತುಕೊಳ್ಳಿ. ಎಲೆಯ ಮೇಲೆ ಕೋಸಂಬರಿ ಬರುತ್ತದಲ್ಲ, ಅದು ಹೆಸರುಬೇಳೆಯದೇ! ಅದನ್ನು ಇನ್ನೊಂದು ಸಲ ಕೇಳಿ ಬಡಿಸಿಕೊಳ್ಳಿ. ಬಡಿಸುವವರಿಗೂ ಸಂತೋಷ, ನಿಮಗೂ ಊಟ.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಕಡೆಗೆ ಉಣ್ಣುವುದು, ನಿಂತು ಉಣ್ಣುವುದು, ಮಿಕ್ಕಿದ್ದು ಉಣ್ಣುವುದು. ಇದನ್ನು ನಮಗೆ ಯಾರೂ ಬೈದು ಕಲಿಸಿದ್ದಲ್ಲ, ಅಮ್ಮನನ್ನು ನೋಡಿ ಕಲಿತದ್ದು. ಬಿಸಾಡಬಾರದು ಅಂತ ತಟ್ಟೆ ಬಳಿಯುತ್ತೇವೆ. ಆದರೆ ನಿಮ್ಮ ಹೊಟ್ಟೆಯಲ್ಲಿ ಈಗ ಮಿಕ್ಕಿದ್ದಕ್ಕೆ ಜಾಗವಿಲ್ಲ ತಂಗೀ. ಇರುವ ಅಂಗೈಯಗಲದ ಜಾಗವನ್ನು ಮಗ ಬಿಟ್ಟ ದೋಸೆಗೆ ಕೊಟ್ಟರೆ ನಿಮಗೆ ಉಳಿಯುವುದೇನು? ಮಧ್ಯಾಹ್ನ ಹನ್ನೆರಡೂವರೆಗೆ ಕೂತು, ಇಪ್ಪತ್ತು ನಿಮಿಷ ಅಗಿದು ಉಣ್ಣಿ, ಆಮೇಲೆ ಬಡಿಸಿ. ಅತ್ತೆಯವರಿಗೆ ನೇರವಾಗಿ ಹೇಳಿ, "ಅತ್ತೆ, ಡಾಕ್ಟರು ಹೊತ್ತಿಗೆ ಸರಿಯಾಗಿ ಉಣ್ಣು ಅಂದಿದ್ದಾರೆ" ಅಂತ. ನಿಮ್ಮ ಯಜಮಾನರಿಗೆ ಆ ನಾಲ್ಕು ಕಿಲೋ ವಿಷಯವೂ ತಿಳಿಯಲಿ. ಒಡವೆ ಅಡ ಇಟ್ಟವರು ಬೈಯಲಿಕ್ಕೆ ಇಟ್ಟಿಲ್ಲ, ನೀವು ಚೆನ್ನಾಗಿರಲಿ ಅಂತ ಇಟ್ಟದ್ದು.

ರಸ್ಕಿನ ಬದಲಿಗೆ, ಮನೆಮಂದಿಯೆಲ್ಲ ತಿನ್ನಬಹುದಾದ ಒಂದು ತಿಂಡಿ ಇಲ್ಲಿದೆ.

ಹೆಸರುಕಾಳಿನ ದೋಸೆ

ಹೆಸರುಕಾಳು 200 ಗ್ರಾಂ, ಹಸಿಶುಂಠಿ ಒಂದು ಚೂರು, ಹಸಿಮೆಣಸಿನಕಾಯಿ 1, ಜೀರಿಗೆ ಅರ್ಧ ಚಮಚ, ಕೊತ್ತಂಬರಿಸೊಪ್ಪು, ರುಚಿಗೆ ಉಪ್ಪು.

ಕಾಳನ್ನು ರಾತ್ರಿ ನೆನೆಹಾಕಿ. ಬೆಳಗ್ಗೆ ನೀರು ಬಸಿದು, ಉಳಿದದ್ದನ್ನೆಲ್ಲ ಸೇರಿಸಿ ನುಣ್ಣಗೆ ರುಬ್ಬಿ. ಹುದುಗು ಬರಿಸಬೇಕಾಗಿಲ್ಲ. ಕಾದ ಕಾವಲಿಗೆ ಎಣ್ಣೆ ಸವರಿ ಹುಯ್ಯಿರಿ. ಗರಿಗರಿ ಮಾಡದೆ, ಮುಚ್ಚಿಟ್ಟು ಮೆತ್ತಗೆ ಬೇಯಿಸಿ. ಎಂಟು ದೋಸೆ ಆಗುತ್ತವೆ. ಒಂದೊಂದರಲ್ಲೂ ಸುಮಾರು 6 ಗ್ರಾಂ ಪ್ರೋಟೀನು. ಗಟ್ಟಿ ಮೊಸರಿನ ಜೊತೆ ಒಂದು ತಿನ್ನಿ, ಸಾಕು.

ಒಂದು ತಿಂಗಳು ಹೀಗೆ ನಡೆಸಿ. ವಾರಕ್ಕೊಂದೇ ದಿನ ತೂಕ ನೋಡಿ. ಆಮೇಲೆ ಮತ್ತೆ ಕಾಗದ ಬರೆಯಿರಿ. ಮುಳ್ಳು ಇಳಿದಿದೆಯೋ ಇಲ್ಲವೋ ಅದು ಎರಡನೆಯ ಮಾತು, ಹನ್ನೆರಡೂವರೆಗೆ ಕೂತು ಉಂಡಿರಾ, ಅದನ್ನು ಮೊದಲು ತಿಳಿಸಿ.