ಜಾಮೀನು ಸಿಕ್ಕವರನ್ನಾದರೂ ಮನೆಗೆ ಕಳುಹಿಸಿ



ಜೈಲುಗಳಲ್ಲಿ ಜಾಗವಿಲ್ಲ ಎಂಬ ದೂರು ಬಂದಾಗಲೆಲ್ಲ ಹೊಸ ಕಟ್ಟಡದ ಮಾತೇಳುತ್ತದೆ. ಒಳಗಿರುವವರು ಯಾರೆಂದು ಮೊದಲು ನೋಡಬೇಡವೇ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯಂತೆ ದೇಶದ ಕೈದಿಗಳಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ.

ಜಾಮೀನು ಮಂಜೂರಾಗಿಯೂ ಹೊರಬರಲಾಗದವರ ಪಾಡಂತೂ ಕರುಳು ಹಿಂಡುತ್ತದೆ. ಕೂಲಿಗೆಂದು ಊರು ಬಿಟ್ಟು ಬಂದವನಿಗೆ ಪಹಣಿ, ಆಧಾರ್ ಹಿಡಿದು ಕೋರ್ಟಿಗೆ ಬಂದು ಸಹಿ ಹಾಕುವ ಜಾಮೀನುದಾರ ಎಲ್ಲಿ ಸಿಗಬೇಕು? ಹೊಲವಿರುವ ನೆಂಟನೊಬ್ಬ ಊರಲ್ಲಿದ್ದರೂ ಬಸ್ಸಿನ ಖರ್ಚು, ವಕೀಲರ ಖರ್ಚು ಯಾರು ಕೊಡಬೇಕು? ಆದೇಶವಾಗಿದ್ದರೂ ಅವನು ಬ್ಯಾರಕ್ಕಿನಲ್ಲೇ ಉಳಿಯುತ್ತಾನೆ.

ದಾರಿಗಳಿವೆ. ಜಾಮೀನು ಸಿಕ್ಕ 7 ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲೇ ಹೇಳಿದೆ. ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯವೇ ಪರಿಗಣಿಸಬಹುದು. ಜಾಮೀನು ಹಣ ಹೊಂದಿಸಲಾಗದ ಬಡ ವಿಚಾರಣಾಧೀನರಿಗೆ ನೆರವಾಗುವ ಕೇಂದ್ರದ ಯೋಜನೆಯೂ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 479 ಇನ್ನೂ ಮುಂದೆ ಹೋಗಿದೆ: ಗಲ್ಲು, ಜೀವಾವಧಿಯಂಥ ಪ್ರಕರಣಗಳನ್ನು ಬಿಟ್ಟರೆ, ಹಿಂದೆ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದೇ.

ಪ್ರತಿ ಜಿಲ್ಲೆಯ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯು, ಜಾಮೀನು ಸಿಕ್ಕೂ ಒಳಗಿರುವವರ ಸಂಖ್ಯೆಯನ್ನು ತಿಂಗಳಿಗೊಮ್ಮೆ ಸಾರ್ವಜನಿಕವಾಗಿ ಪ್ರಕಟಿಸಲಿ. ಜಿಲ್ಲಾ ನ್ಯಾಯಾಧೀಶರು ಈ ಬಗ್ಗೆ ಕೂಡಲೇ ಗಮನ ಹರಿಸಬೇಕೆಂದು ಕೋರುತ್ತೇನೆ.