ಆ ದಿಬ್ಬಕ್ಕೆ ಹಾರೆ ಹಾಕಬೇಡಿ

ಉಳವಿ ಹೋಬಳಿಯ ಬಂಧುಗಳೇ, ಅತ್ತ ಶಿಕಾರಿಪುರದ ಅಣ್ಣತಮ್ಮಂದಿರೇ, ಅಮಾವಾಸ್ಯೆ ರಾತ್ರಿ ಪಾಳುಗುಡಿಯ ಹಿಂದೆ ಹಾರೆ ಸದ್ದು ಕೇಳಿದರೆ ಮಗ್ಗುಲು ಬದಲಿಸಿ ಮಲಗಬೇಡಿ. ಲಿಂಗ ಕೀಳುವ, ಬಸವನ ಹೊಟ್ಟೆ ಒಡೆಯುವ ನಿಧಿಗಳ್ಳರಿಗೆ ಬಂಗಾರ ಸಿಗುವುದೋ ಇಲ್ಲವೋ, ನಮ್ಮ ನೆಲದ ಸಾಕ್ಷಿಯಂತೂ ನಾಶವಾಗುತ್ತದೆ.

ತಾಳಗುಂದವನ್ನೇ ನೋಡಿ. ಪ್ರಣವೇಶ್ವರ ಗುಡಿಯೆದುರಿನ ಕಂಬದಲ್ಲಿ ಕುಬ್ಜ ಕವಿ ಹೇಳಿದ ಕದಂಬರ ಕಥೆ ನಮಗೆ ಗೊತ್ತು. ಅದೇ ಗುಡಿಯ ಮಗ್ಗುಲಿನ ಮಣ್ಣಿನಡಿ ಅದಕ್ಕೂ ಹಳೆಯ ಬರಹ ಮಲಗಿದೆಯೆಂದು 2013ರ ಉತ್ಖನನದವರೆಗೆ ಯಾರಿಗೂ ಗೊತ್ತಿರಲಿಲ್ಲ. ಪದರ ಪದರವಾಗಿ ಮಣ್ಣು ಬಿಡಿಸಿದಾಗ ಸಿಂಹ ಕಟಾಂಜನದ ಶಾಸನ ಸಿಕ್ಕಿತು. ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿಗಿಂತ ಹಿಂದಿನದು ಎನ್ನುತ್ತಾರೆ ವಿದ್ವಾಂಸರು. ಅಲ್ಲಿ ಒಂದು ರಾತ್ರಿ ಜೆಸಿಬಿ ಓಡಿದ್ದರೆ ಆ ಕಲ್ಲು ಇಂದು ಯಾವುದೋ ಕಾಂಪೌಂಡಿನ ಪಾಯದಲ್ಲಿರುತ್ತಿತ್ತು. ಮಡಕೆ ಚೂರು, ಬೂದಿ, ಇಟ್ಟಿಗೆ ಯಾವ ಪದರದಲ್ಲಿ ಒಟ್ಟಿಗಿದ್ದವು ಎಂಬುದರಿಂದಲೇ ಕಾಲ ತಿಳಿಯುವುದು. ಕಲೆಸಿದ ಮಣ್ಣನ್ನು ಓದಬಲ್ಲವರಿಲ್ಲ.

ಹಳೆಯದನ್ನು ಮಣ್ಣಷ್ಟೇ ಅಲ್ಲ, ಮರಳೂ ಮುಚ್ಚಿಡುತ್ತದೆ. ತಲಕಾಡಿನ ಗುಡಿಗಳನ್ನು ಕಾವೇರಿ ದಡದ ಮರಳು ಮುಚ್ಚಿತ್ತು. ಸ್ಕಾಟ್ಲೆಂಡಿನ ಆರ್ಕ್ನಿಯಲ್ಲಿ 1850ರ ಬಿರುಗಾಳಿ ಒಂದು ಮರಳುದಿಬ್ಬವನ್ನು ಕಿತ್ತು ತೆರೆದಾಗ ಸುಮಾರು 5000 ವರ್ಷ ಹಿಂದಿನ ಸ್ಕಾರಾ ಬ್ರೇ ಎಂಬ ಊರು ಕಂಡಿತು. ಮನೆಯೊಳಗಿನ ಕಲ್ಲುಮಂಚಗಳು ಸಹಿತ. ಅದನ್ನು ನೋಡಲು ಜನ ಕಡಲು ದಾಟಿ ಬರುತ್ತಾರೆ. ನಮ್ಮಲ್ಲಿ ಎಷ್ಟು ಮಂದಿ ಮಕ್ಕಳನ್ನು ತಾಳಗುಂದಕ್ಕೆ, ಬಳ್ಳಿಗಾವಿಗೆ, ಬಂದಳಿಕೆಗೆ ಕರೆದೊಯ್ದಿದ್ದೇವೆ?

ಅಷ್ಟು ದೂರವೂ ಬೇಡ. ಕೆರೆ ಏರಿಯ ಮೇಲಿನ ವೀರಗಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಸೂರ್ಯ ಚಂದ್ರರ ಕೆಳಗೆ ಲಿಂಗದೆದುರು ಕೈಮುಗಿದ ವೀರ. ಬರಹವಿದ್ದರೆ ಹೆಚ್ಚಾಗಿ ಈ ಚಿತ್ರಗಳ ನಡುವಿನ ಪಟ್ಟಿಯಲ್ಲೇ ಇರುತ್ತದೆ: ಅವನ ಹೆಸರು, ತುರು ಬಿಡಿಸಲು ಹೋಗಿ ಸತ್ತನೆಂಬ ಸುದ್ದಿ. ಅಂಥ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತೇವೆ, ಭಕ್ತಿಯಿಂದಲೇ ಆಯಿಲ್ ಪೇಂಟ್ ಬಳಿಯುತ್ತೇವೆ. ತನ್ನೂರಿಗಾಗಿ ಸತ್ತವನ ಹೆಸರನ್ನು ಊರವರೇ ಅಳಿಸುವುದೆಂದರೇನು!

ಶುಂಠಿಗೆ ಹೊಲ ಹಸನು ಮಾಡುವವರೇ, ಕೆರೆ ಹೂಳು ತೆಗೆಸುವವರೇ, ಬಕೆಟ್ಟಿಗೆ ಕೆತ್ತಿದ ಕಲ್ಲೋ ಹಳೆ ಇಟ್ಟಿಗೆಯ ಸಾಲೋ ತಾಗಿದರೆ ಅಲ್ಲಿಗೇ ನಿಲ್ಲಿಸಿ. ಎಳೆಯಬೇಡಿ, ತೊಳೆಯಬೇಡಿ. ಇದ್ದಲ್ಲೇ ಫೋಟೊ ತೆಗೆದು ಪಂಚಾಯಿತಿಗೆ, ತಹಶೀಲ್ದಾರರಿಗೆ, ಪುರಾತತ್ವ ಇಲಾಖೆಗೆ ತಿಳಿಸಿ. ಹೇಳಿದರೆ ಜಮೀನೇ ಹೋದೀತೆಂಬ ಹೆದರಿಕೆ ರೈತನಿಗಿದೆ, ಅದು ಸುಮ್ಮನೆ ಹುಟ್ಟಿದ್ದಲ್ಲ. ಆದ್ದರಿಂದ ಅಧಿಕಾರಿಗಳೇ, ಸುದ್ದಿ ಕೊಟ್ಟವನನ್ನು ತಪ್ಪಿತಸ್ಥನಂತೆ ಕಚೇರಿಗೆ ಅಲೆಸಬೇಡಿ. ಬಿತ್ತನೆಯ ಹದ ತಪ್ಪುವ ಮೊದಲೇ ಅವನ ಹೊಲಕ್ಕೆ ನೀವೇ ಬನ್ನಿ.